ಬೂಟ್ ಆಗುವಾಗ ಸ್ಕ್ರೀನ್ ಕೆಡುತ್ತಿದೆಯಾ? ಯಾವ ಹಂತದಲ್ಲಿ ಅಂತ ಮೊದಲು ಹಿಡಿಯಿರಿ

ಲ್ಯಾಪ್‌ಟಾಪ್ ಆನ್ ಮಾಡಿದರೆ ದಪ್ಪ ದಪ್ಪ ಅಕ್ಷರ, ಇಲ್ಲವೇ ಒಂದಷ್ಟು ಹೊತ್ತು ಪೂರ್ತಿ ಕಪ್ಪು, ಇಲ್ಲವೇ ಲೋಗೋ ಒಂದು ಕಡೆ ಎಳೆದಂತೆ ಕಾಣುವುದು. ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್‌ಗಳಲ್ಲಿ ಇದು ತುಂಬಾ ಜನರಿಗೆ ಆಗುವ ತೊಂದರೆ. ಬೆಂಗಳೂರಲ್ಲಿ ಇದನ್ನು ಇನ್ನೂ ಜಾಸ್ತಿ ನೋಡುತ್ತೇನೆ, ಯಾಕಂದರೆ ಎಸ್.ಪಿ. ರೋಡ್ ಕಡೆಯಿಂದ ತಂದ ಸೆಕೆಂಡ್ ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್‌ಗಳ ಮೇಲೆ ಲಿನಕ್ಸ್ ಹಾಕಿಕೊಂಡು ಓದುವ ಕಾಲೇಜು ಹುಡುಗರು ಇಲ್ಲಿ ಬಹಳ, ಮತ್ತು ಆ ಮಷಿನ್‌ಗಳಲ್ಲಿ ಹಿಂದೆ ಯಾರು ಯಾವ ಸೆಟ್ಟಿಂಗ್ ಮುಟ್ಟಿದ್ದರು, ಯಾವ ಡಿಸ್ಪ್ಲೇ ಬದಲಾಯಿಸಿದ್ದರು ಅನ್ನೋದು ಯಾರಿಗೂ ಗೊತ್ತಿರುವುದಿಲ್ಲ.

ಹೆಚ್ಚಿನವರು ಮಾಡುವುದೇನು? ಎಲ್ಲೋ ಸಿಕ್ಕಿದ ಒಂದು ಸಾಲನ್ನು ತಂದು ಗ್ರಬ್ (ಲಿನಕ್ಸನ್ನು ಬೂಟ್ ಮಾಡಿಸುವ ಮೆನು ಪ್ರೋಗ್ರಾಂ) ಫೈಲಿಗೆ ಅಂಟಿಸುತ್ತಾರೆ. ಸರಿಹೋಗಲಿಲ್ಲ ಅಂದರೆ ಇನ್ನೊಂದು ಸಾಲು. ಕೊನೆಗೆ ಫಾರ್ಮ್ಯಾಟ್. ಇದು ಬೇಡ. ಬೂಟ್ ಆಗುವಾಗ ಸ್ಕ್ರೀನ್ ಒಬ್ಬರ ಕೈಯಲ್ಲಿ ಇರುವುದಿಲ್ಲ, ಕೈ ಬದಲಾಗುತ್ತಾ ಹೋಗುತ್ತದೆ. ಮೊದಲು ಯುಇಎಫ್‌ಐ ಫರ್ಮ್‌ವೇರ್, ಅಂದರೆ ಮದರ್‌ಬೋರ್ಡ್‌ನಲ್ಲೇ ಕೂತಿರುವ ಪ್ರೋಗ್ರಾಂ, ಲ್ಯಾಪ್‌ಟಾಪ್ ಕಂಪನಿಯ ಲೋಗೋ ತೋರಿಸುತ್ತದೆ. ಆಮೇಲೆ ಗ್ರಬ್. ಆಮೇಲೆ ಲಿನಕ್ಸ್‌ನ ತಿರುಳಾದ ಕರ್ನಲ್, ಫರ್ಮ್‌ವೇರ್ ಬಿಟ್ಟುಹೋದ ಫ್ರೇಮ್ ಬಫರ್‌ನಲ್ಲೇ (ಸ್ಕ್ರೀನಿನ ಚಿತ್ರ ಇಡುವ ಮೆಮೊರಿ) ಶುರು ಮಾಡಿ, ಸ್ವಲ್ಪ ಹೊತ್ತಿಗೆ ನಿಜವಾದ ಗ್ರಾಫಿಕ್ಸ್ ಡ್ರೈವರ್‌ಗೆ ಹೊರಳುತ್ತದೆ. ಅದರ ಮೇಲೆ ಪ್ಲಿಮತ್ ಅನ್ನುವ ಪ್ರೋಗ್ರಾಂ ಬೂಟ್ ಲೋಗೋದ ಚಿತ್ರ ಹಾಕುತ್ತದೆ. ಕೊನೆಗೆ ಲಾಗಿನ್ ತೋರಿಸುವ ಪ್ರೋಗ್ರಾಂ. ತೊಂದರೆ ಕಂಡ ಆ ಗಳಿಗೆಯಲ್ಲಿ ಸ್ಕ್ರೀನ್ ಯಾರ ಕೈಯಲ್ಲಿತ್ತು ಅಂತ ಗೊತ್ತಾಗುವವರೆಗೆ ಒಂದು ಫೈಲನ್ನೂ ಮುಟ್ಟಬೇಡಿ.

ಒಂದು ಮಾತು. ಕಮಾಂಡ್‌ಗಳನ್ನೆಲ್ಲ ಕನ್ನಡದಲ್ಲೇ, ಓದುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ. ಗ್ರಬ್ ಫೈಲಿನ ಒಳಗಿನ ಸೆಟ್ಟಿಂಗ್ ಹೆಸರುಗಳು ಮಾತ್ರ ಪೂರ್ತಿ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್. 1920×1080 ಅಂತ ಬರೆದ ಕಡೆ ಗುಣಿಸುವ ಚಿಹ್ನೆ ಅಲ್ಲ, ಸಣ್ಣ ಎಕ್ಸ್ ಅಕ್ಷರ.

ಮೊದಲು ಮೊಬೈಲ್‌ನಲ್ಲಿ ವಿಡಿಯೋ ಮಾಡಿ

ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಮಾಡಿ. ಎಚ್‌ಡಿಎಂಐ ಕೇಬಲ್, ಡಾಕ್ ಏನಿದ್ದರೂ ಕಿತ್ತಿಡಿ. ವರ್ಕ್ ಫ್ರಂ ಹೋಮ್ ಮಾಡುವವರ ಮೇಜಿನ ಮೇಲೆ ಒಂದು ಮಾನಿಟರ್ ಸದಾ ಸಿಕ್ಕಿಸಿಯೇ ಇರುತ್ತದೆ ಅಲ್ವಾ, ಅದೇ ಎಷ್ಟೋ ಸಲ ಕಾರಣ. ಎರಡು ಸ್ಕ್ರೀನ್ ಕಂಡಾಗ ಕೆಲವು ಫರ್ಮ್‌ವೇರ್‌ಗಳು ಎರಡಕ್ಕೂ ಒಗ್ಗುವ ಕಡಿಮೆ ರೆಸಲ್ಯೂಷನ್ ಆರಿಸುತ್ತವೆ, ಗ್ರಬ್ ಪಾಪ ಅದನ್ನೇ ತೆಗೆದುಕೊಳ್ಳುತ್ತದೆ. ಕೇಬಲ್ ಕಿತ್ತ ಕೂಡಲೇ ಸರಿಯಾದರೆ ನಿಮ್ಮ ಲಿನಕ್ಸ್‌ನಲ್ಲಿ ಯಾವ ದೋಷವೂ ಇಲ್ಲ.

ಈಗ ಮೊಬೈಲ್ ಕ್ಯಾಮೆರಾ ಆನ್ ಮಾಡಿ, ಸ್ಲೋ ಮೋಷನ್ ಇದ್ದರೆ ಅದರಲ್ಲೇ, ಪವರ್ ಬಟನ್ ಒತ್ತುವುದರಿಂದ ಹಿಡಿದು ಲಾಗಿನ್ ಬರುವವರೆಗೆ ಪೂರ್ತಿ ರೆಕಾರ್ಡ್ ಮಾಡಿ. ಆಮೇಲೆ ನಿಧಾನವಾಗಿ ಹಿಂದೆ ಮುಂದೆ ಎಳೆದು ನೋಡಿ. ಕಣ್ಣಿಗೆ ಬರೀ ಮಿಂಚಿದಂತೆ ಕಂಡದ್ದು ವಿಡಿಯೋದಲ್ಲಿ ಓದಬಹುದಾದ ಸಾಲಾಗಿ ನಿಲ್ಲುತ್ತದೆ. ನಾನು ಜಾಸ್ತಿ ಸಲ ಹಿಡಿದದ್ದು ಒಂದೇ ಸಾಲು: "ಎರರ್: ನೋ ಸೂಟಬಲ್ ವಿಡಿಯೋ ಮೋಡ್ ಫೌಂಡ್", ಅದರ ಕೆಳಗೆ "ಬೂಟಿಂಗ್ ಇನ್ ಬ್ಲೈಂಡ್ ಮೋಡ್". ಇದು ಗ್ರಬ್ ಹೇಳುವ ಮಾತು. ಕೇಳಿದ ರೆಸಲ್ಯೂಷನ್ ಸಿಗಲಿಲ್ಲ, ಕರ್ನಲ್ಲನ್ನು ಚಿತ್ರವಿಲ್ಲದೆ ಕಳಿಸುತ್ತಿದ್ದೇನೆ ಅಂತ ಅರ್ಥ. ಈ ಸಾಲು ಸಿಕ್ಕರೆ ಪ್ಲಿಮತ್ ಥೀಮ್ ಬದಲಾಯಿಸಿ ಪ್ರಯೋಜನವೇ ಇಲ್ಲ.

ಕಂಪನಿಯ ಲೋಗೋ ಬಂದಾಗಲೇ ಗೆರೆ ಗೆರೆ ಕಾಣುತ್ತಿದೆ, ಮುಚ್ಚಳ ಹಿಂದೆ ಮುಂದೆ ಅಲ್ಲಾಡಿಸಿದರೆ ಹೋಗಿ ಬಂದು ಮಾಡುತ್ತದೆ ಅಂದರೆ ಇಲ್ಲಿಗೆ ಓದುವುದು ನಿಲ್ಲಿಸಿ. ಅದು ಡಿಸ್ಪ್ಲೇ ಕೇಬಲ್, ರಿಪೇರಿ ಅಂಗಡಿಯ ಕೆಲಸ. ಡಿಸ್ಪ್ಲೇ ಬದಲಾಯಿಸಿದ ಹಳೇ ಮಷಿನ್ ಆಗಿದ್ದರೆ ಇನ್ನೊಂದು ಕೇಳಿ: ಮೊದಲು 1366×768 ಪ್ಯಾನೆಲ್ ಇದ್ದು ಈಗ 1920×1080 ಹಾಕಿದ್ದಾರಾ? ಹಳೇ ಪ್ಯಾನೆಲ್‌ಗೆ ಡಿಸ್ಪ್ಲೇ ಪೋರ್ಟ್‌ನ ಒಂದೇ ಲೇನ್ (ಚಿತ್ರದ ಡೇಟಾ ಹೋಗುವ ದಾರಿ) ಇರುವ ಕೇಬಲ್ ಸಾಕಾಗುತ್ತಿತ್ತು. ಸಾಮಾನ್ಯ ಫುಲ್ ಎಚ್‌ಡಿ ಪ್ಯಾನೆಲ್‌ಗೆ ಎರಡು ಲೇನ್ ಬೇಕು. ಕೇಬಲ್ ಹಳೆಯದೇ ಉಳಿದಿದ್ದರೆ ಯಾವ ಸೆಟ್ಟಿಂಗ್‌ನಿಂದಲೂ ಅದು ನೆಟ್ಟಗಾಗುವುದಿಲ್ಲ.

ಗ್ರಬ್ ಮೆನುವಲ್ಲೇ ಕೆಟ್ಟಿದ್ದರೆ

ಉಬುಂಟುನಲ್ಲಿ ಒಂದೇ ಓಎಸ್ ಇದ್ದರೆ ಮೆನು ಕಾಣುವುದೇ ಇಲ್ಲ. ಯುಇಎಫ್‌ಐ ಮಷಿನ್ ಆದರೆ ಕಂಪನಿ ಲೋಗೋ ಹೋಗುವ ಹೊತ್ತಿಗೆ ಎಸ್ಕೇಪ್ ಒಂದು ಸಲ ಒತ್ತಿ, ಹಳೇ ಬಯೋಸ್ ಆದರೆ ಶಿಫ್ಟ್ ಹಿಡಿದುಕೊಳ್ಳಿ. ಎಸ್ಕೇಪ್ ಜಾಸ್ತಿ ಸಲ ಬಿದ್ದು ಬರೀ "ಗ್ರಬ್" ಅನ್ನುವ ಪ್ರಾಂಪ್ಟ್ ಬಂತು ಅಂದರೆ ಗಾಬರಿ ಬೇಡ, "ನಾರ್ಮಲ್" ಅಂತ ಹೊಡೆದು ಎಂಟರ್ ಕೊಡಿ.

ಮೆನು ಬಂದ ಮೇಲೆ ಸಿ ಒತ್ತಿ. ಕಮಾಂಡ್ ಹೊಡೆಯುವ ಜಾಗ ಬರುತ್ತದೆ. ಅಲ್ಲಿ "ವಿಡಿಯೋಇನ್ಫೋ" ಅಂತ ಕೊಡಿ. ಫರ್ಮ್‌ವೇರ್ ಕೊಡಬಲ್ಲ ರೆಸಲ್ಯೂಷನ್‌ಗಳ ಪಟ್ಟಿ ಬರುತ್ತದೆ, ಈಗ ಬಳಕೆಯಲ್ಲಿರುವುದರ ಮುಂದೆ ನಕ್ಷತ್ರದ ಗುರುತು ಇರುತ್ತದೆ. ಇದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಗ್ರಬ್‌ಗೆ ಈ ಪಟ್ಟಿಯೇ ಎಲ್ಲೆ. ಪಟ್ಟಿಯಲ್ಲಿ ಇಲ್ಲದ ಸಂಖ್ಯೆಯನ್ನು ಫೈಲಲ್ಲಿ ಎಷ್ಟು ಸಲ ಬರೆದರೂ ಅದು ಕೊಡುವುದಿಲ್ಲ.

ನಿಮ್ಮ ಪ್ಯಾನೆಲ್‌ನ ರೆಸಲ್ಯೂಷನ್ ಪಟ್ಟಿಯಲ್ಲಿ ಇದೆ ಅಂದರೆ ಕೆಲಸ ಸುಲಭ. ಲಿನಕ್ಸ್ ಒಳಗೆ ಬೂಟ್ ಆಗಿ, /ಈಟಿಸಿ/ಡಿಫಾಲ್ಟ್/ಗ್ರಬ್ ಫೈಲಿನಲ್ಲಿ ಗ್ರಬ್_ಜಿಎಫ್‌ಎಕ್ಸ್‌ಮೋಡ್=1920×1080,ಆಟೋ ಅಂತ ಬರೆಯಿರಿ. ಕಾಮಾ ಹಾಕಿ ಆಟೋ ಅಂತ ಸೇರಿಸುವುದು ಮುಖ್ಯ, ಮೊದಲನೆಯದು ಸಿಗದಿದ್ದರೆ ಎರಡನೆಯದಕ್ಕೆ ಹೋಗುತ್ತದೆ. ಅದರ ಕೆಳಗೆ ಗ್ರಬ್_ಜಿಎಫ್‌ಎಕ್ಸ್‌ಪೇಲೋಡ್_ಲಿನಕ್ಸ್=ಕೀಪ್. ಇದರಿಂದ ಗ್ರಬ್ ಹಾಕಿದ ರೆಸಲ್ಯೂಷನ್‌ನಲ್ಲೇ ಕರ್ನಲ್ ಶುರುವಾಗುತ್ತದೆ, ನಡುವೆ ಒಂದು ಕಪ್ಪು ಜಿಗಿತ ಕಡಿಮೆಯಾಗುತ್ತದೆ. ಆಮೇಲೆ ಟರ್ಮಿನಲ್‌ನಲ್ಲಿ "ಸುಡೋ ಅಪ್‌ಡೇಟ್-ಗ್ರಬ್". ಇದನ್ನು ಮರೆತರೆ ಫೈಲಲ್ಲಿ ಬರೆದದ್ದು ಬರೀ ಬರೆದದ್ದಾಗಿಯೇ ಉಳಿಯುತ್ತದೆ. ಫೆಡೋರಾದಲ್ಲಿ ಇದೇ ಕೆಲಸಕ್ಕೆ "ಸುಡೋ ಗ್ರಬ್2-ಎಂಕೆಕಾನ್ಫಿಗ್ -ಓ /ಬೂಟ್/ಗ್ರಬ್2/ಗ್ರಬ್.ಸಿಎಫ್‌ಜಿ".

ಪಟ್ಟಿಯಲ್ಲಿ ಬರೀ 640×480, 800×600, 1024×768 ಇವೆ ಅಂದರೆ ಮಷಿನ್ ಲೆಗಸಿ ಮೋಡ್‌ನಲ್ಲಿ, ಅಂದರೆ ಹಳೇ ಬಯೋಸ್ ರೀತಿಯಲ್ಲಿ, ಬೂಟ್ ಆಗುತ್ತಿರಬಹುದು. /ಸಿಸ್/ಫರ್ಮ್‌ವೇರ್/ಇಎಫ್‌ಐ ಅನ್ನುವ ಫೋಲ್ಡರ್ ಇದೆಯಾ ನೋಡಿ. ಇಲ್ಲದಿದ್ದರೆ ಲೆಗಸಿ. ಅದರ ವೀಡಿಯೋ ಪಟ್ಟಿಯಲ್ಲಿ ಲ್ಯಾಪ್‌ಟಾಪ್‌ನ ಅಗಲ ಪ್ಯಾನೆಲ್‌ನ ಅಳತೆ ಎಷ್ಟೋ ಸಲ ಇರುವುದೇ ಇಲ್ಲ. ಹಾಗಂತ ಬಯೋಸ್‌ಗೆ ಹೋಗಿ ಸುಮ್ನೆ ಯುಇಎಫ್‌ಐಗೆ ಬದಲಾಯಿಸಬೇಡಿ, ಲೆಗಸಿಯಲ್ಲಿ ಇನ್‌ಸ್ಟಾಲ್ ಆದ ಸಿಸ್ಟಂ ಆಗ ಬೂಟೇ ಆಗುವುದಿಲ್ಲ. ನನ್ನ ಮಟ್ಟಿಗೆ, ಮೆನು ಸ್ವಲ್ಪ ದಪ್ಪ ಕಂಡರೆ ಬಿಡಿ. ಆಮೇಲಿನ ಹಂತ ಸರಿ ಇದ್ದರೆ ಸಾಕು.

4ಕೆ ಪ್ಯಾನೆಲ್ ಇರುವವರ ತೊಂದರೆ ಇದಕ್ಕೆ ತಲೆಕೆಳಗು: ಅಕ್ಷರ ಇರುವೆಯಷ್ಟು, ಮೆನುವಲ್ಲಿ ಕೆಳಗೆ ಮೇಲೆ ಹೋದರೆ ನಿಧಾನ. ದೊಡ್ಡ ಫಾಂಟ್ ಮಾಡಿ ಹಾಕುವ ದಾರಿ ಇದೆ, ಆದರೆ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಪ್ರೋಗ್ರಾಂ ತಡೆಯುವ ಫರ್ಮ್‌ವೇರ್ ಕಾವಲು) ಆನ್ ಇದ್ದರೆ ಹೊಸ ಗ್ರಬ್‌ಗಳು ಹೊರಗಿನ ಫಾಂಟ್ ಒಪ್ಪದೇ ಇರಬಹುದು. ಅದಕ್ಕಿಂತ ವಿಡಿಯೋಇನ್ಫೋ ಪಟ್ಟಿಯಲ್ಲಿರುವ ಒಂದು ಕಡಿಮೆ ರೆಸಲ್ಯೂಷನ್ ಕೊಡುವುದು ವಾಸಿ. ಅಕ್ಷರವೂ ದೊಡ್ಡದಾಗುತ್ತದೆ, ಮೆನುವೂ ಚುರುಕಾಗುತ್ತದೆ.

ಮೆನು ಸರಿ, ಆಮೇಲೆ ಕತ್ತಲು ಅಥವಾ ದಪ್ಪ

ತೊಂದರೆ ಜಾಸ್ತಿ ಇರುವುದು ಇಲ್ಲೇ. ಮೊದಲು ಕರ್ನಲ್‌ಗೆ ಏನು ಹೇಳಿ ಕಳಿಸಿದ್ದೀರಿ ಅಂತ ಟರ್ಮಿನಲ್‌ನಲ್ಲಿ ನೋಡಿ: "ಕ್ಯಾಟ್ /ಪ್ರಾಕ್/ಸಿಎಂಡಿಲೈನ್". ಆ ಸಾಲಿನಲ್ಲಿ "ನೋಮೋಡ್‌ಸೆಟ್" ಅನ್ನುವ ಪದ ಇದೆಯಾ?

ಪಕ್ಕದ ಮನೆಯ ಹುಡುಗ ಒಬ್ಬ ಇಂಥದ್ದೇ ಒಂದು ಲ್ಯಾಪ್‌ಟಾಪ್ ತಂದಿದ್ದ. ಬೂಟ್ ಆಗುವಾಗ ಎಲ್ಲ ಅಗಲಕ್ಕೆ ಎಳೆದಂತೆ, ಡೆಸ್ಕ್‌ಟಾಪ್ ಬಂದ ಮೇಲೂ ಹಾಗೇ. ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಿರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಂದೇ ಒಂದು ರೆಸಲ್ಯೂಷನ್. "ಅಣ್ಣಾ, ಡ್ರೈವರ್ ಹೋಗಿದೆ ಅನ್ಸುತ್ತೆ, ಫಾರ್ಮ್ಯಾಟ್ ಮಾಡ್ಬಿಡ್ಲಾ?" ಅಂದ. "ತಡಿಯಪ್ಪಾ, ಮೊದಲು ಕರ್ನಲ್ ಏನು ಹೇಳಿದೆ ಓದೋಣ" ಅಂದೆ. "ಜರ್ನಲ್‌ಸಿಟಿಎಲ್ -ಬಿ -ಕೆ" ಕೊಟ್ಟು ಅದರಲ್ಲಿ "ಫ್ರೇಮ್ ಬಫರ್" ಅಂತ ಹುಡುಕಿದೆವು. ಒಂದು ಸಾಲು ಸಿಕ್ಕಿತು: "ಕನ್ಸೋಲ್: ಸ್ವಿಚಿಂಗ್ ಟು ಕಲರ್ ಫ್ರೇಮ್ ಬಫರ್ ಡಿವೈಸ್ 128×48".

ಈ ಸಾಲು ಬಹಳ ಉಪಯೋಗದ್ದು, ಓದುವುದು ಕಲಿತುಕೊಳ್ಳಿ. ಅದು ಪಿಕ್ಸೆಲ್ ಲೆಕ್ಕ ಅಲ್ಲ, ಅಕ್ಷರದ ಲೆಕ್ಕ. ಅಡ್ಡಕ್ಕೆ 128 ಅಕ್ಷರ, ಉದ್ದಕ್ಕೆ 48 ಸಾಲು. ಕನ್ಸೋಲ್‌ನ ಮಾಮೂಲಿ ಅಕ್ಷರ 8 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ. ಗುಣಿಸಿದರೆ 1024×768. ಅಂದರೆ ಆ 1920×1080 ಪ್ಯಾನೆಲ್‌ನ ಮೇಲೆ ಕರ್ನಲ್ 1024×768 ಚಿತ್ರ ಕೂರಿಸಿತ್ತು. ಸರಿ ಇದ್ದಿದ್ದರೆ ಅಲ್ಲಿ 240×67 ಅಂತ ಇರಬೇಕಿತ್ತು. ಹೆಚ್ಚು ಪಿಕ್ಸೆಲ್ ಇರುವ ಪ್ಯಾನೆಲ್‌ಗಳಲ್ಲಿ ಕರ್ನಲ್ ದೊಡ್ಡ ಫಾಂಟ್ ಆರಿಸಿಕೊಳ್ಳಬಹುದು, ಆಗ ಅಂಕಿ ಅರ್ಧದಷ್ಟು ಕಾಣುತ್ತದೆ, ಅದು ದೋಷವಲ್ಲ.

ಸಿಎಂಡಿಲೈನ್ ನೋಡಿದರೆ "ಕ್ವಯೆಟ್ ಸ್ಪ್ಲಾಶ್ ನೋಮೋಡ್‌ಸೆಟ್". ಹಿಂದಿನವರು ಯಾರೋ ಇನ್‌ಸ್ಟಾಲ್ ಮಾಡುವಾಗ ಸ್ಕ್ರೀನ್ ಕಪ್ಪಾಗಿದೆ ಅಂತ ಅದನ್ನು ಹಾಕಿ, ಆಮೇಲೆ ಫೈಲಲ್ಲೇ ಬಿಟ್ಟಿದ್ದರು ಅನ್ನಿಸುತ್ತದೆ. ಈ ಪದ ಮಾಡುವ ಕೆಲಸ ಇಷ್ಟು: ಗ್ರಾಫಿಕ್ಸ್ ಡ್ರೈವರ್ ತಾನೇ ಸ್ಕ್ರೀನ್ ಮೋಡ್ ಹೊಂದಿಸಿಕೊಳ್ಳುವುದನ್ನು ತಡೆಯುತ್ತದೆ. ಹೀಗೆ ಕರ್ನಲ್ಲೇ ಮೋಡ್ ಹೊಂದಿಸುವ ಏರ್ಪಾಡು ಇಂಟೆಲ್ ಚಿಪ್‌ಗಳಿಗೆ 2009ರಲ್ಲಿ, 2.6.29 ಕರ್ನಲ್‌ನಲ್ಲಿ ಬಂತು. ಇವತ್ತಿನ ಇಂಟೆಲ್, ಎಎಂಡಿ ಡ್ರೈವರ್‌ಗಳು ನಿಂತಿರುವುದೇ ಅದರ ಮೇಲೆ. ಅದನ್ನು ತಡೆದರೆ ಬ್ರೈಟ್‌ನೆಸ್ ಹೋಗುತ್ತದೆ, ವಿಡಿಯೋ ಓಡಿಸಿದರೆ ಎಲ್ಲ ಭಾರ ಸಿಪಿಯು ಮೇಲೆ ಬೀಳುತ್ತದೆ, ರೆಸಲ್ಯೂಷನ್ ಗ್ರಬ್ ಬಿಟ್ಟದ್ದೇ ಗತಿ. ನೋಮೋಡ್‌ಸೆಟ್ ಒಂದು ಸಲ ಒಳಗೆ ಹೋಗಲು ಇರುವ ಕಿಟಕಿ. ಅದನ್ನೇ ಕಾಯಂ ಬಾಗಿಲು ಮಾಡಿಕೊಳ್ಳಬಾರದು.

ತೆಗೆಯುವುದು ಹೇಗೆ? ನೇರವಾಗಿ ಫೈಲಿಗೆ ಕೈ ಹಾಕಬೇಡಿ. ಮೊದಲು ಗ್ರಬ್ ಮೆನುವಲ್ಲಿ ಇ ಒತ್ತಿ, "ಲಿನಕ್ಸ್" ಅಂತ ಶುರುವಾಗುವ ಸಾಲಿನಲ್ಲಿ ಆ ಪದ ಅಳಿಸಿ, ಎಫ್10 ಅಥವಾ ಕಂಟ್ರೋಲ್-ಎಕ್ಸ್ ಒತ್ತಿ ಬೂಟ್ ಮಾಡಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ಕೆಟ್ಟರೆ ರೀಸ್ಟಾರ್ಟ್ ಮಾಡಿದರೆ ಹಳೆಯದೇ ಬರುತ್ತದೆ. ಕರ್ನಲ್ ಪ್ಯಾರಾಮೀಟರ್ ಯಾವುದನ್ನೇ ಆಗಲಿ, ಹೀಗೆ ಪರೀಕ್ಷೆ ಮಾಡದೆ ಫೈಲಿಗೆ ಸೇರಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಆ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಪದ ತೆಗೆದ ಕೂಡಲೇ 240×67 ಬಂತು, ಬ್ರೈಟ್‌ನೆಸ್ ಕೀಯೂ ಬಂತು. ಆಮೇಲೆ ಫೈಲಲ್ಲಿ ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡಿಫಾಲ್ಟ್ ಸಾಲಿನಿಂದಲೂ ತೆಗೆದು, ಅಪ್‌ಡೇಟ್-ಗ್ರಬ್ ಕೊಟ್ಟೆವು. ಮೆನು ಮಾತ್ರ ಇನ್ನೂ ದಪ್ಪ ಇತ್ತು. ಅದು ಬೇರೆಯದೇ ದೋಷ, ಜಿಎಫ್‌ಎಕ್ಸ್‌ಮೋಡ್ 1024×768 ಅಂತ ಬರೆದಿತ್ತು. ಒಂದೇ ತೊಂದರೆಯಂತೆ ಕಂಡದ್ದು ಎರಡು ಹಂತದ ಎರಡು ತೊಂದರೆ ಆಗಿತ್ತು.

ಫೆಡೋರಾದವರು ಫೈಲ್ ತಿದ್ದುವ ಬದಲು "ಸುಡೋ ಗ್ರಬ್ಬಿ --ಅಪ್‌ಡೇಟ್-ಕರ್ನಲ್=ಆಲ್ --ರಿಮೂವ್-ಆರ್ಗ್ಸ್=ನೋಮೋಡ್‌ಸೆಟ್" ಕೊಡಿ, ಇಲ್ಲಿ ಆಲ್ ಮಾತ್ರ ದೊಡ್ಡಕ್ಷರದಲ್ಲಿ. ಪಾಪ್ ಓಎಸ್‌ನ ಯುಇಎಫ್‌ಐ ಇನ್‌ಸ್ಟಾಲ್‌ನಲ್ಲಿ ಗ್ರಬ್ಬೇ ಇಲ್ಲ, ಅಲ್ಲಿ ಕರ್ನಲ್‌ಸ್ಟಬ್ ಅನ್ನುವ ಕಮಾಂಡ್. ಡೆಬಿಯನ್, ಉಬುಂಟು ಬಳಗದಲ್ಲಿ ಫೈಲ್ ತಿದ್ದಿದರೂ ಬದಲಾಗಲಿಲ್ಲ ಅಂದರೆ /ಈಟಿಸಿ/ಡಿಫಾಲ್ಟ್/ಗ್ರಬ್.ಡಿ ಫೋಲ್ಡರ್ ಒಳಗೆ ನೋಡಿ. ಅಲ್ಲಿರುವ ಸಣ್ಣ ಫೈಲ್‌ಗಳು ನಿಮ್ಮ ಸಾಲನ್ನು ಮೀರಿಸುತ್ತವೆ.

ನೋಮೋಡ್‌ಸೆಟ್ ಇಲ್ಲ, ಆದರೂ ಕತ್ತಲು ಅಂದರೆ ಮೊಬೈಲ್ ಟಾರ್ಚ್ ತಂದು ಸ್ಕ್ರೀನ್‌ಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಲಾಗಿನ್ ಚೌಕ ಕಾಣುತ್ತಾ? ಹಾಗಾದರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಮಾತ್ರ ಹೊತ್ತಿಲ್ಲ. ಮೊದಲು ಬ್ರೈಟ್‌ನೆಸ್ ಕೀ ಒತ್ತಿ ನೋಡಿ. ಆಗದಿದ್ದರೆ ಇ ಒತ್ತಿ "ಎಸಿಪಿಐ_ಬ್ಯಾಕ್‌ಲೈಟ್=ನೇಟಿವ್" ಸೇರಿಸಿ ನೋಡಿ, ಆಗದಿದ್ದರೆ ನೇಟಿವ್ ಜಾಗದಲ್ಲಿ "ವೆಂಡರ್".

ಎನ್‌ವಿಡಿಯಾ ಇದ್ದವರಿಗೆ

ಎನ್‌ವಿಡಿಯಾ ಕಂಪನಿಯದೇ ಡ್ರೈವರ್ ಹಾಕಿದ್ದರೆ "ಎನ್‌ವಿಡಿಯಾ-ಡಿಆರ್‌ಎಂ.ಮೋಡ್‌ಸೆಟ್=1" ಅನ್ನುವ ಪ್ಯಾರಾಮೀಟರ್ ಕೊಟ್ಟು ನೋಡಿ. ಅದಕ್ಕೂ ಮೊದಲು ಡ್ರೈವರ್ ಲೋಡ್ ಆಗಿದೆಯಾ ಅಂತ "ಎಲ್‌ಎಸ್‌ಪಿಸಿಐ -ಕೆ" ಕೊಟ್ಟು ಖಾತ್ರಿ ಮಾಡಿಕೊಳ್ಳಿ. ಗ್ರಾಫಿಕ್ಸ್ ಕಾರ್ಡ್‌ನ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಅನ್ನುವ ಸಾಲೇ ಇಲ್ಲದಿದ್ದರೆ ಸೆಕ್ಯೂರ್ ಬೂಟ್ ಅದನ್ನು ತಡೆದಿರಬಹುದು. "ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್" ಹೇಳುತ್ತದೆ. ಡ್ರೈವರ್ ಹಾಕಿದ ಮೇಲಿನ ಮೊದಲ ರೀಸ್ಟಾರ್ಟ್‌ನಲ್ಲಿ ಒಂದು ನೀಲಿ ಸ್ಕ್ರೀನ್ ಬಂದು ಕೀ ಸೇರಿಸಲಾ ಅಂತ ಕೇಳುತ್ತದೆ. ಬಹಳ ಜನ ಹೆದರಿ ಕಂಟಿನ್ಯೂ ಒತ್ತಿಬಿಡುತ್ತಾರೆ. ಅಲ್ಲಿ "ಎನ್‌ರೋಲ್ ಮೋಕ್" ಆರಿಸಿ, ಇನ್‌ಸ್ಟಾಲ್ ಮಾಡುವಾಗ ಕೊಟ್ಟ ಪಾಸ್‌ವರ್ಡ್ ಹಾಕಬೇಕು.

ಲೋಗೋ ಮಾತ್ರ ಸರಿ ಇಲ್ಲ

ಫೆಡೋರಾ 10ರಲ್ಲಿ, 2008ರಲ್ಲಿ ಬಂದ ಪ್ಲಿಮತ್ ಈಗ ಹೆಚ್ಚಿನ ಎಲ್ಲ ಕಡೆ ಇದೆ. ಉಬುಂಟು 20.04ರಿಂದ ಕಂಪನಿಯ ಲೋಗೋವನ್ನೇ ಉಳಿಸಿಕೊಂಡು ಕೆಳಗೆ ತಿರುಗುವ ಚಕ್ರ ತೋರಿಸುತ್ತದೆ. ಲೋಗೋ ಬರದೇ ಬರೀ ಕಪ್ಪು, ಆಮೇಲೆ ನೇರ ಲಾಗಿನ್ ಅಂದರೆ, ಡ್ರೈವರ್ ತಡವಾಗಿ ಬರುತ್ತಿದೆ ಅಂತ ಸಂಶಯ ಪಡಿ. ಕರ್ನಲ್ ಲಾಗ್‌ನಲ್ಲಿ ಆ ಫ್ರೇಮ್ ಬಫರ್ ಸಾಲಿನ ಸಮಯ ನೋಡಿ. ಒಂದೆರಡು ಸೆಕೆಂಡ್‌ನಲ್ಲಿ ಬಂದಿದ್ದರೆ ಚಿಂತೆಯಿಲ್ಲ. ಬಹಳ ಆಮೇಲೆ ಬಂದಿದ್ದರೆ ಡ್ರೈವರನ್ನು ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಲ್ಲೇ ಕರ್ನಲ್ ಜೊತೆ ಬರುವ ಫೈಲ್‌ಗಳ ಕಟ್ಟು) ಒಳಗೆ ಸೇರಿಸಿ. ಡೆಬಿಯನ್, ಉಬುಂಟು ಬಳಗದಲ್ಲಿ ಈ ಫೈಲ್ ಇದ್ದರೆ: /ಈಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಮಾಡ್ಯೂಲ್ಸ್ ಫೈಲಿನ ಕೊನೆಗೆ ಇಂಟೆಲ್ ಆದರೆ "ಐ915", ಎಎಂಡಿ ಆದರೆ "ಎಎಂಡಿಜಿಪಿಯು" ಅಂತ ಒಂದು ಸಾಲು ಬರೆದು, "ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು" ಕೊಡಿ. ಹೈಡಿಪಿಐ (ಪಿಕ್ಸೆಲ್ ಒತ್ತಾಗಿರುವ) ಸ್ಕ್ರೀನ್‌ನಲ್ಲಿ ಲೋಗೋ ಪುಟಾಣಿ ಅಥವಾ ವಿಪರೀತ ದೊಡ್ಡದು ಅನ್ನಿಸಿದರೆ /ಈಟಿಸಿ/ಪ್ಲಿಮತ್/ಪ್ಲಿಮತ್‌ಡಿ.ಕಾನ್ಫ್ ಫೈಲಿನ ಡೀಮನ್ ಭಾಗದಲ್ಲಿ "ಡಿವೈಸ್‌ಸ್ಕೇಲ್" ಅಂತ ಇರುತ್ತದೆ, ಇಲ್ಲದಿದ್ದರೆ ನೀವೇ ಬರೆಯಿರಿ. ಡಿವೈಸ್‌ನ ಡಿ, ಸ್ಕೇಲ್‌ನ ಎಸ್ ದೊಡ್ಡಕ್ಷರ. 1 ಅಥವಾ 2 ಕೊಟ್ಟು, ಮತ್ತೆ ಅದೇ ಅಪ್‌ಡೇಟ್ ಕಮಾಂಡ್.

ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದವರಿಗೆ ಇದು ಅಂದಚೆಂದದ ವಿಷಯ ಅಲ್ಲ, ಪಾಸ್‌ವರ್ಡ್ ಕೇಳುವ ಚೌಕವೇ ಕಾಣದೆ ಹೋಗುತ್ತದೆ. ಆಗ ಎಸ್ಕೇಪ್ ಒತ್ತಿ ನೋಡಿ. ಚಿತ್ರ ಹೋಗಿ ಬರೀ ಅಕ್ಷರದ ಸಾಲುಗಳು ಬರುತ್ತವೆ, ಪಾಸ್‌ವರ್ಡ್ ಅಲ್ಲೇ ಹೊಡೆಯಬಹುದು. ಅದೂ ಆಗದಿದ್ದರೆ ಗ್ರಬ್‌ನಲ್ಲಿ ಇ ಒತ್ತಿ "ಸ್ಪ್ಲಾಶ್" ಪದ ತೆಗೆದು ಬೂಟ್ ಮಾಡಿ.

ಇನಿಟ್‌ರಾಮ್‌ಎಫ್‌ಎಸ್ ಮುಟ್ಟುವ ಮೊದಲು ಎರಡು ಜಾಗ್ರತೆ. "ಡಿಎಫ್ -ಎಚ್ /ಬೂಟ್" ಕೊಟ್ಟು ಜಾಗ ಇದೆಯಾ ನೋಡಿ. ಎನ್‌ಕ್ರಿಪ್ಟ್ ಮಾಡಿದ ಸಿಸ್ಟಂಗಳಲ್ಲಿ ಬೂಟ್ ಬೇರೆ ಪಾರ್ಟಿಷನ್ ಆಗಿರುತ್ತದೆ, ಹಳೇ ಕರ್ನಲ್‌ಗಳಿಂದ ತುಂಬಿಹೋಗಿರುತ್ತದೆ, ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. "ಸುಡೋ ಎಪಿಟಿ ಆಟೋರಿಮೂವ್" ಕೊಟ್ಟು ಮೊದಲು ಜಾಗ ಮಾಡಿಕೊಳ್ಳಿ. ಇನ್ನೊಂದು ಕರೆಂಟ್. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿದ್ದು, ಮಳೆಗಾಲದ ಸಂಜೆ, ಗುಡುಗು ಶುರುವಾಗಿದೆ ಅಂದರೆ ಯುಪಿಎಸ್ ಇಲ್ಲದೆ ಈ ಕಮಾಂಡ್ ಕೊಡಬೇಡಿ. ಬೆಳಿಗ್ಗೆ ಮಾಡಿ. ಪಕ್ಕದಲ್ಲಿ ಒಂದು ಲೈವ್ ಪೆನ್‌ಡ್ರೈವ್, ಗ್ರಬ್ ಫೈಲಿನ ಒಂದು ಕಾಪಿ ಇಟ್ಟುಕೊಂಡಿರಿ.

ಎಲ್ಲ ಆದ ಮೇಲೆ ರೀಸ್ಟಾರ್ಟ್ ಒಂದರಲ್ಲೇ ತೃಪ್ತಿಪಡಬೇಡಿ. ಪೂರ್ತಿ ಶಟ್‌ಡೌನ್ ಮಾಡಿ ಒಂದು ಸಲ, ಎಚ್‌ಡಿಎಂಐ ಹಾಕಿ ಇನ್ನೊಂದು ಸಲ ಬೂಟ್ ಮಾಡಿ ನೋಡಿ. ಮುಂದಿನ ಕರ್ನಲ್ ಅಪ್‌ಡೇಟ್ ಬಂದಾಗ ಮತ್ತೆ ಆ ಫ್ರೇಮ್ ಬಫರ್ ಸಾಲು ತೆಗೆದು ಓದಿ. ಅಂಕಿ ಅದೇ ಇದ್ದರೆ ಸೆಟ್ಟಿಂಗ್ ಗಟ್ಟಿ ಕೂತಿದೆ.